ರೊಟ್ಟಿ ಗಾಡಿಯ ಬೆಳಕಿಂಡಿ

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಗಾಡಿಯ ಇಂಜಿನ್ ನಿಂತಿತು. ಆ ಕತ್ತಲ ಪೆಟ್ಟಿಗೆಯೊಳಗೆ ಬೆಳಗುತ್ತಿದ್ದದ್ದು ನನ್ನ ಮೊಬೈಲಿನ ಪರದೆ ಒಂದೇ, ಅದಕ್ಕೇ ಸಮಯ ನೆನಪಿದೆ. ಆಮೇಲೆ ಎಷ್ಟು ಹೊತ್ತಾಯಿತೋ ನೋಡಲಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಎಚ್ಚರವಾದಾಗಲೆಲ್ಲ ಇವತ್ತಿಗೂ ಮೊದಲು ಕಣ್ಣಿಗೆ ಬರುವುದು ಆ ಅಂಕಿಗಳೇ.

ಮೊನ್ನೆ ಅಹಮದಾಬಾದಿನ ಬೋಡಕ್‌ದೇವ್‌ನ ನನ್ನ ಬಾಡಿಗೆ ಫ್ಲಾಟಿಗೆ ಕಿಟಕಿ ಸರಿಮಾಡುವವನು ಬಂದಿದ್ದ. ಚೌಕಟ್ಟಿನ ಸುತ್ತ ಸಿಲಿಕಾನ್ ಒತ್ತಿ ಬೆರಳಲ್ಲಿ ಸವರಿದ. ವಿನೆಗರ್‌ನಂಥ ಹುಳಿ ವಾಸನೆ ಕೋಣೆ ತುಂಬಿತು. ಅದರ ಜೊತೆಗಿರಬೇಕಾದ ಇನ್ನೊಂದು ವಾಸನೆಯನ್ನು ನನ್ನ ಮೂಗು ತಾನಾಗಿಯೇ ಹುಡುಕಿತು... ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಪುಡಿಯ ವಾಸನೆ. ಇವೆರಡೂ ಬೆರೆತಿದ್ದದ್ದನ್ನು ನಾನು ಒಂದೇ ಒಂದು ಕಡೆ ಕಂಡಿದ್ದೆ. ಅದು ಕಾಕುವಿನ ಗಾಡಿ. ಕಾಕು ಧಾರವಾಡದಲ್ಲಿ ತೀರಿಕೊಂಡ ಸುದ್ದಿ ಬಂದು ಆಗಿನ್ನೂ ವಾರವಾಗಿರಲಿಲ್ಲ.

ನಾನು ತುಮಕೂರಿನವಳು. ಎಂ.ಎಸ್ಸಿ. ಮುಗಿಸಿ ಬಟ್ಟೆ ಬಣ್ಣ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತೆಂದು ಸೂರತ್‌ಗೆ ಬಂದಾಗ, ಅಡಾಜಣ್‌ನ ಅಪಾರ್ಟ್‌ಮೆಂಟಿನಲ್ಲಿ ನನ್ನ ಕೆಳಗಿನ ಮನೆ ಅವರದು. ಗಂಡ ವಿಮಾ ಕಚೇರಿಯಲ್ಲಿದ್ದರು, ಧಾರವಾಡದಿಂದ ವರ್ಗವಾಗಿ ಬಂದಿದ್ದರು. ಮೊದಲ ದಿನ ನಾನು "ಆಂಟಿ" ಎಂದೆ. "ಆಂಟಿ ಅಂದ್ರ ಈ ಬಿಲ್ಡಿಂಗ್‌ನ್ಯಾಗ ಹತ್ತು ಮಂದಿ ಓ ಅಂತಾರ. ಕಾಕು ಅನ್ನು, ನಾ ಒಬ್ಬಾಕಿನ ಬರ್ತೀನಿ" ಎಂದರು. ಅವರ ಕಡೆ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ. ಅಂದಿನಿಂದ ಕಾಕು.

ಕಾಕು ಜೋಳದ ಖಡಕ್ ರೊಟ್ಟಿ ಮಾಡುತ್ತಿದ್ದರು. ಬ್ಯಾಂಕು, ರೈಲ್ವೆ ಎಂದು ಗುಜರಾತಿಗೆ ಬಂದು ಬಿದ್ದ ನಮ್ಮ ಕಡೆಯ ಮನೆಗಳಿಗೆ ತಿಂಗಳಿಗೊಮ್ಮೆ ಅವರೇ ಗಾಡಿ ಓಡಿಸಿಕೊಂಡು ಹೋಗಿ ಕೊಟ್ಟು ಬರುತ್ತಿದ್ದರು. ಸೂರತ್‌ನಿಂದ ಹೊರಟು ಅಹಮದಾಬಾದ್ ಮುಟ್ಟಿ, ಮರಳುವಾಗ ವಡೋದರಾ. ಅಪ್ಪನ ಟ್ರ್ಯಾಕ್ಟರ್ ಓಡಿಸಿ ಪಳಗಿದ ಕೈ. ಹೆದ್ದಾರಿಯಲ್ಲಿ ಲಾರಿಯವರು ಹಾರನ್ ಹೊಡೆದರೆ ಕನ್ನಡಿಯಲ್ಲೇ ಒಂದು ನೋಟ ಕೊಟ್ಟು, ತಮ್ಮ ವೇಗ ಬಿಡದೆ ಹೋಗುತ್ತಿದ್ದರು. ರಜೆ ಇದ್ದಾಗ ಬುಟ್ಟಿ ಹೊರಲು ನಾನೂ ಹೊರಡುತ್ತಿದ್ದೆ.

ಆ ಪಿಕಪ್‌ನ ಹಿಂಭಾಗದಲ್ಲಿ ಮೊದಲು ಕಬ್ಬಿಣದ ಪಟ್ಟಿಗಳ ಚೌಕಟ್ಟು ಮಾತ್ರ ಇತ್ತು. ಅದರ ಮೇಲೆ ತಾಡಪತ್ರಿ ಎಳೆದು ಹಗ್ಗ ಬಿಗಿಯುತ್ತಿದ್ದೆವು. ಒಮ್ಮೆ ಭರೂಚ್ ದಾಟುವಾಗ ಅಡ್ಡಮಳೆ ಹೊಡೆಯಿತು. ಅಹಮದಾಬಾದಿನ ಒಂದು ಮನೆಯಲ್ಲಿ ಮಗಳ ಸೀಮಂತದ ಕುಬಸಕ್ಕೆಂದು ಒಯ್ದಿದ್ದ ರೊಟ್ಟಿಗಳೆಲ್ಲ ಒದ್ದೆ ಬಟ್ಟೆಯಂತೆ ಮೆತ್ತಗಾಗಿದ್ದವು. ಕಾಕು ಆ ಬುಟ್ಟಿ ಹಿಡಿದು ಮನೆಯವರ ಮುಂದೆ ನಿಂತಿದ್ದು ನನಗೆ ಕಾಣುತ್ತಿದೆ. ಮುಂದಿನ ಸಲ ಮೇಲಿನ ಮಹಡಿಗೆ ಬುಟ್ಟಿ ಕೊಟ್ಟು ಇಳಿಯುವಷ್ಟರಲ್ಲಿ ಯಾರೋ ಹಗ್ಗ ಕೊಯ್ದು ಚಟ್ನಿಪುಡಿಯ ಡಬ್ಬಿಗಳನ್ನು ಎತ್ತಿಕೊಂಡು ಹೋಗಿದ್ದರು.

"ಸಾಕಿನ್ನ. ಇದಕ್ಕೊಂದು ಮನಿ ಕಟ್ಟಸ್ತೀನಿ" ಎಂದರು ಕಾಕು.

ಅಡಾಜಣ್‌ನಲ್ಲೇ ಒಬ್ಬ ಮಿಸ್ತ್ರಿ ಇದ್ದ, ಗಾಡಿಗಳಿಗೆ ಪೆಟ್ಟಿಗೆ ಕಟ್ಟುವವನು. ಇದ್ದ ಚೌಕಟ್ಟನ್ನೇ ಇಟ್ಟುಕೊಂಡು ಸುತ್ತ ಅಲ್ಯುಮಿನಿಯಂ ಹಾಳೆ ಹೊಡೆಯುವುದು, ಕೆಳಗೆ ಪ್ಲೈವುಡ್, ಹಿಂದೆ ಎರಡು ಬಾಗಿಲು, ಅವಕ್ಕೆ ರಬ್ಬರ್ ಪಟ್ಟಿ, ಸಂದುಗಳಿಗೆ ಸಿಲಿಕಾನ್. ಎಲ್ಲ ಒಪ್ಪಿಗೆಯಾಯಿತು. ಕೊನೆಗೆ ಕಾಕು, ಮೇಲೆ ಒಂದು ಬೆಳಕಿಂಡಿ ಬೇಕು ಎಂದರು.

ಮಿಸ್ತ್ರಿ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡ. "ಬೆನ್, ಪಾಣಿ ನಹೀ ಆನಾ ಚಾಹಿಯೇ ಬೋಲ್ತೇ ಹೋ, ಔರ್ ಛತ್ ಮೇ ಕಾಣು?" ನೀರು ಬರಬಾರದೆನ್ನುತ್ತೀರಿ, ಛಾವಣಿಯಲ್ಲಿ ತೂತು ಬೇರೆಯೇ ಎಂದು ಅವನ ಪ್ರಶ್ನೆ. ಕಾಣು ಎಂದರೆ ಗುಜರಾತಿಯಲ್ಲಿ ತೂತು.

"ಹಮಾರೇ ಗಾಂವ್ ಮೇ ಹರ್ ಘರ್ ಕೋ ಹೋತಾ ಹೈ, ಭಾಯಿ" ಎಂದು, ನಮ್ಮೂರಲ್ಲಿ ಮನೆಮನೆಗೂ ಇರುತ್ತದೆಂದು ಅವನಿಗೆ ಹೇಳಿ, ಕಾಕು ನನ್ನ ಕಡೆ ತಿರುಗಿದರು. "ಬೆಳಕಿಂಡಿ ಅಂದ್ರ ಏನಂತ ಇಂವಗ ಹೆಂಗ ತಿಳಸ್ಲೆವಾ?"

ಅವರು ಹುಟ್ಟಿದ ಮನೆಯದು ಮಣ್ಣಿನ ಮಾಳಿಗೆ. ಆ ಕಡೆಯ ಮಾಳಿಗೆಗಳಲ್ಲಿ ಅಡುಗೆಮನೆಯ ಮೇಲೆ ಬೆಳಕಿಗೆಂದು, ಹೊಗೆ ಹೋಗಲೆಂದು ಚೌಕದ ಕಿಂಡಿ ಬಿಟ್ಟಿರುತ್ತಾರೆ. ಸುತ್ತ ಗೇಣುದ್ದದ ಕಟ್ಟೆ, ಮಳೆ ಬಂದರೆ ಮೇಲೊಂದು ಮುಚ್ಚಳ. ಆ ಕಟ್ಟೆ ಇರುವುದರಿಂದ ಮಾಳಿಗೆಯ ನೀರು ಒಳಗಿಳಿಯದೆ ಸುತ್ತ ಹಾದು ಹೋಗುತ್ತದೆ. ಕಾಕು ಸೀಮೆಸುಣ್ಣ ಹಿಡಿದು ವರ್ಕ್‌ಶಾಪಿನ ನೆಲದ ಮೇಲೆ ಇದನ್ನೆಲ್ಲ ಬರೆದು ತೋರಿಸಿದರು.

"ಕಾಕು, ಒಂದು ಸಣ್ಣ ಜಾಲರಿ ಇಟ್ರೆ ಸಾಕಲ್ವಾ?" ಎಂದೆ ನಾನು.

"ಜಾಲರಿಗೆ ಗಾಳಿ ಬರ್ತದ, ಬೆಳಕು ಬರಂಗಿಲ್ಲ. ಕತ್ತಲದಾಗ ಚಟ್ನಿ ಹುಡಕಾಕ ನಾ ಏನು ಬೆಕ್ಕೇನು? ಮತ್ತ ಗಾಡಿ ತುಂಬಿದಾಗ ಮುಂದಿನ ಮೂಲಿಗೆ ಹಿಂದಿನ ಬಾಗಲದಿಂದ ಕೈ ಮುಟ್ಟಂಗಿಲ್ಲ. ಮ್ಯಾಲಿಂದ ಬುಟ್ಟಿ ಇಳೀಬೇಕು." ಹಾಗೆಂದು ರೊಟ್ಟಿಯ ದೊಡ್ಡ ಬುಟ್ಟಿಯನ್ನೇ ತರಿಸಿ ಹಾಳೆಯ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆಸಿದರು. ಕಳ್ಳರು ಮೇಲಿನಿಂದ ಎತ್ತಬಾರದೆಂದು ಮುಚ್ಚಳದ ಹಿಡಿಯನ್ನು ಒಳಗಡೆಗೆ ಮಾತ್ರ ಇಡಿಸಿದರು. ಮಿಸ್ತ್ರಿ ಕೆಲಸ ಮಾಡುತ್ತಲೇ ಬಂದು ಹೋಗುವವರಿಗೆಲ್ಲ ಅದನ್ನು ತೋರಿಸಿ ನಗುತ್ತಿದ್ದ. ಕಾಕುವೂ ನಗುತ್ತಿದ್ದರು, ಆದರೆ ಅಳತೆಯಲ್ಲಿ ಒಂದು ಬೆರಳೂ ಬಿಡಲಿಲ್ಲ.

ಪೆಟ್ಟಿಗೆ ಮುಗಿದ ದಿನ ಕಾಕು ಒಂದು ದಿನಪತ್ರಿಕೆ ಹಿಡಿದು ಒಳಗೆ ಕೂತು, ಬಾಗಿಲು ಹಾಕಿಸಿಕೊಂಡು, ಮೇಲೆ ಪೈಪಿನಲ್ಲಿ ನೀರು ಬಿಡಿ ಎಂದರು. ಮಿಸ್ತ್ರಿ ನಾಲ್ಕೂ ಕಡೆಯಿಂದ ಬಿಟ್ಟ, ಬೆಳಕಿಂಡಿಯ ಮೇಲೆ ಬೇಕೆಂದೇ ಹೆಚ್ಚು ಹೊತ್ತು ಬಿಟ್ಟ. ಬಾಗಿಲು ತೆಗೆದಾಗ ಕಾಕು ಕಾಲು ಮಡಚಿ ಕೂತು ಪತ್ರಿಕೆ ಬಿಚ್ಚಿಕೊಂಡಿದ್ದರು. "ಗುಜರಾತಿ ಪೇಪರ್, ಓದಾಕ ಬರಂಗಿಲ್ಲ. ಆದ್ರ ಒಣಗೇ ಐತಿ ನೋಡು" ಎಂದು ನನಗೆ ಹೇಳಿ, ಅದನ್ನು ಮಿಸ್ತ್ರಿಯ ಕೈಗಿಟ್ಟರು.

ಪೆಟ್ಟಿಗೆ ಕಟ್ಟಿಸಿದ ಮೇಲೆ ಅದು ಎರಡನೆಯ ಮಳೆಗಾಲ. ಅಹಮದಾಬಾದ್ ಮುಗಿಸಿ ಮರಳುತ್ತ ವಡೋದರಾಕ್ಕೆ ಬಂದಾಗ ಮಳೆ ಬಿಟ್ಟಿರಲಿಲ್ಲ. ನದಿ ಏರುತ್ತಿದೆ ಎನ್ನುತ್ತಿದ್ದರು. ಕೊನೆಯ ಬುಟ್ಟಿ ಕೊಡಬೇಕಿದ್ದದ್ದು ನದಿಯ ಕಡೆಯ ಒಂದು ಕೆಳಮನೆಗೆ. ರೈಲ್ವೆಯಲ್ಲಿದ್ದ ಗಂಡ ಡ್ಯೂಟಿಗೆ ಹೋಗಿದ್ದರು. ಹೆಂಡತಿ ಬಾಗಲಕೋಟೆಯವರು, ತೋಳಲ್ಲಿ ಕೂಸು, ಪಕ್ಕದಲ್ಲಿ ಎರಡನೇ ತರಗತಿಯ ಮಗಳು. ನಾವು ಹೋದಾಗ ಹೊಸ್ತಿಲಿಗೆ ನೀರು ಬಂದಿತ್ತು. ಆ ಊರಲ್ಲಿ ನದಿ ಏರಿದರೆ ನೀರೊಂದೇ ಬರುವುದಿಲ್ಲ, ಮೊಸಳೆಗಳೂ ಬರುತ್ತವೆ. ಆ ತಾಯಿ ಮಂಚದ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದರು.

"ಏಳವಾ, ಗಾಡಿ ಐತಿ" ಎಂದರು ಕಾಕು.

ಮುಂದೆ ಎರಡೇ ಸೀಟು. ಕಾಕುವಿನ ಪಕ್ಕ ತಾಯಿ, ಕೂಸು. ಹುಡುಗಿಯನ್ನು ಕರೆದುಕೊಂಡು ನಾನು ಹಿಂದಿನ ಪೆಟ್ಟಿಗೆ ಹತ್ತಿದೆ. ಬೆಳಕಿಂಡಿ ಮುಚ್ಚಿತ್ತು. ಕಾಕು ಬಾಗಿಲು ಹಾಕಿ ಅಗುಳಿ ಎಳೆದರು, ಆಮೇಲೆ ಬೀಗ ಬಿದ್ದ ಸದ್ದು ಕೇಳಿಸಿತು. ಬೀಗವಿಲ್ಲದಿದ್ದರೆ ಆ ಅಗುಳಿ ಕುಲುಕಾಟಕ್ಕೆ ಜಾರಿ ಬಾಗಿಲು ತೆರೆದುಕೊಳ್ಳುತ್ತಿತ್ತು. ಹಾಗಾಗಿ ಬಾಗಿಲು ಹಾಕಿದರೆ ಬೀಗವನ್ನೂ ಒತ್ತುವುದು ಅವರ ಕೈಗೆ ಅಂಟಿದ ರೂಢಿ. ಒಳಗೆ ಮನುಷ್ಯರಿರುವಾಗ ಬೀಗ ಹಾಕಬಾರದೆಂದು ಆಗ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಸ್ವಲ್ಪ ದೂರ ಹೋಗಿರಬೇಕು. ಏರಿನ ರಸ್ತೆ ಹತ್ತುವಾಗ ಮುಂದಿನ ಚಕ್ರ ನೀರಡಿಯ ಯಾವುದೋ ಗುಂಡಿಗೆ ಇಳಿಯಿತು. ಇಂಜಿನ್ ನಿಂತಿತು. ಮೊಬೈಲ್ ನೋಡಿದೆ. ಹೊರಗೆ ಕೂಗಾಟ. ಕಾಲಡಿಯ ಪ್ಲೈವುಡ್ಡಿನ ಅಂಚಿನಿಂದ ತಣ್ಣಗೆ ನೀರು ಒಸರತೊಡಗಿತು.

"ದೀದಿ, ಪಾಣಿ ಅಂದರ್ ಬರ್ತಿದೆ" ಎಂದಳು ಹುಡುಗಿ.

ಬಾಗಿಲು ತಳ್ಳಿದೆ. ಬೀಗದ ಜೊತೆಗೆ ಈಗ ಹೊರಗಿನ ನೀರೂ ಅದನ್ನು ಒತ್ತಿ ಹಿಡಿದಿತ್ತು. ಆಮೇಲೆ ನಡೆದದ್ದನ್ನು ನಾನು ಇವತ್ತಿಗೂ ಮೈಯಲ್ಲಿ ಹೊತ್ತಿದ್ದೇನೆ. ಗಾಡಿಯ ಹಿಂಭಾಗ ಮೆಲ್ಲಗೆ ಮೇಲೆದ್ದಿತು. ಮಳೆ ಒಳಗೆ ಬರದ ಹಾಗೆ ಎಷ್ಟು ಬಿಗಿಯಾಗಿ ಕಟ್ಟಿಸಿದ್ದರೆಂದರೆ, ಪೆಟ್ಟಿಗೆ ಈಗ ತೇಲಲು ಹವಣಿಸುತ್ತಿತ್ತು. ಒಮ್ಮೆ ಎಡಕ್ಕೆ ವಾಲಿತು, ಖಾಲಿ ಡಬ್ಬಿಗಳು ನಮ್ಮ ಕಾಲಿಗೆ ಬಂದು ಬಡಿದವು... ನೀರು ಮೊಣಕಾಲಿಗೆ ಬಂದಿತ್ತು. ಹುಡುಗಿಯನ್ನು ಎತ್ತಿಕೊಂಡೆ. ಅವಳು ಅಳಲಿಲ್ಲ, ನನ್ನ ಕುತ್ತಿಗೆಯ ಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು, ಅಷ್ಟೇ.

ಆಗ ತಲೆಯ ಮೇಲೆ ದಬದಬ ಸದ್ದಾಯಿತು. ಕಾಕು. ತಾಯಿ ಮತ್ತು ಕೂಸನ್ನು ಕಿಟಕಿಯಿಂದಲೇ ಪಕ್ಕದ ಕಾಂಪೌಂಡಿನ ಮೇಲೆ ನಿಂತಿದ್ದವರ ಕೈಗೆ ದಾಟಿಸಿ, ತಾವು ಬಾನೆಟ್ ಏರಿ, ಕ್ಯಾಬಿನ್ ಏರಿ, ಸೀರೆ ಕಚ್ಚೆಯಂತೆ ಸಿಕ್ಕಿಸಿಕೊಂಡು ಪೆಟ್ಟಿಗೆಯ ಮೇಲೆ ಬಂದಿದ್ದರು.

"ಬೆಳಕಿಂಡಿ ತಗೀ."

ಒಂದು ತೋಳಲ್ಲಿ ಹುಡುಗಿ, ಇನ್ನೊಂದು ಕೈಯಲ್ಲಿ ಕತ್ತಲನ್ನು ತಡಕಿದೆ. ಹಿಡಿ ಸಿಗಲೇ ಇಲ್ಲ. ಎಷ್ಟೋ ಸಲ ನಾನೇ ತೆಗೆದು ಹಾಕಿದ್ದ ಹಿಡಿ. "ಕಾಕು, ಸಿಗ್ತಿಲ್ಲ, ಕಾಕು" ಎಂದು ಕೂಗಿದೆ.

ಅವರ ದನಿಯಲ್ಲಿ ಅವಸರವೇ ಇರಲಿಲ್ಲ. "ಸಿಗ್ತದ. ನಾ ಬಡೀತೀನಿ, ಸಪ್ಪಳದ ಕಡೆ ಕೈ ಒಯ್ಯಿ. ಹಾಂ. ಈಗ ಎಡಕ್ಕ ತಿರವು. ಹೆಂಚಿನ ಮ್ಯಾಲ ರೊಟ್ಟಿ ತಿರವ್ತೀಯಲ್ಲ, ಹಂಗ ಸಾವಕಾಶ."

ತಿರುಗಿತು. ಬೂದು ಬಣ್ಣದ ಚೌಕ ಬೆಳಕು ನಮ್ಮ ಮುಖದ ಮೇಲೆ ಬಿತ್ತು, ಅದರ ಜೊತೆ ಮಳೆ, ಅದರ ಜೊತೆ ಹಸಿರು ಬಳೆಯ ಎರಡು ಕೈ. ಹುಡುಗಿ ಒಂದೇ ಎಳೆತಕ್ಕೆ ಮೇಲೆ ಹೋದಳು. ನಾನು ಡಬ್ಬಿಗಳ ಮೇಲೆ ಕಾಲಿಟ್ಟು ಏರಿದೆ, ಅರ್ಧಕ್ಕೆ ಬಂದು ಸೊಂಟದ ಹತ್ತಿರ ಸಿಕ್ಕಿಕೊಂಡೆ. ಗಾಡಿ ಮತ್ತೆ ವಾಲಿತು.

"ರೊಟ್ಟಿ ಬುಟ್ಟಿ ಇಳೀತದ. ನೀ ಅದಕ್ಕಿಂತ ದೊಡ್ಡಾಕೇನು? ಉಸಿರು ಬಿಡು."

ಉಸಿರು ಬಿಟ್ಟೆ, ನಕ್ಕೆನೋ ಅತ್ತೆನೋ ತಿಳಿಯದು, ಹೊರಗೆ ಬಂದೆ. ಕಾಂಪೌಂಡಿನ ಮೇಲಿದ್ದವರು ನಮ್ಮನ್ನು ಎಳೆದುಕೊಂಡರು. ಅಲ್ಲಿ ನಿಂತು ನೋಡುತ್ತಿರುವಾಗಲೇ ಗಾಡಿ ಅರ್ಧ ಸುತ್ತು ತಿರುಗಿ, ಬಾಗಿಲಿನ ಕಡೆಯಿಂದ ಒಂದು ಬೇವಿನ ಮರಕ್ಕೆ ಹೋಗಿ ಒರಗಿತು.

ಆ ಸಂಜೆ ಯಾರದೋ ಮೇಲ್ಮನೆಯಲ್ಲಿ ಚಹಾ ಕುಡಿಯುತ್ತ ಕಾಕು ತಾಯಿಗೆ ಹೇಳಿದ್ದು ಒಂದೇ ಮಾತು: "ಕೀಲಿ ಹಾಕಿದಾಕಿ ನಾನು. ತಗದಾಕೀನೂ ನಾನ. ಲೆಕ್ಕ ಸರಿ ಆತು, ನೀ ಮತ್ತ ಕೈ ಮುಗೀಬ್ಯಾಡ." ಆ ತಾಯಿ ಆದರೂ ಮುಗಿದರು.

ಗಾಡಿಯನ್ನು ಸೂರತ್‌ಗೆ ಎಳೆಸಿ ತಂದಾಗ ಮಿಸ್ತ್ರಿ ಮೊದಲು ಏಣಿ ಹಾಕಿದ. ಮೇಲೆ ಹತ್ತಿ ಬೆಳಕಿಂಡಿಯ ಕಟ್ಟೆಯ ಮೇಲೆ ಸುತ್ತಲೂ ಕೈಯಾಡಿಸಿದ. ಇಳಿದು ಬಂದು, ಬಾಗಿಲಿಗೂ ಒಳಗಿನಿಂದ ತೆಗೆಯುವ ಹಿಡಿ ಇಡುತ್ತೇನೆ ಎಂದ. "ಇಡು. ಆದ್ರ ಇದನ್ನ ಮುಚ್ಚಬ್ಯಾಡ" ಎಂದು ಕಾಕು ಕನ್ನಡದಲ್ಲೇ ಹೇಳಿದರು. ಅವನಿಗೆ ಅರ್ಥವಾಯಿತು.

ಮತ್ತೆ ರೊಟ್ಟಿ ಹೊರಟಿತು. ಅವರ ಪಕ್ಕ ನಾನೂ ಕೂತು ಹೋದೆ. ಹಗಲು ಧೈರ್ಯವಿರುತ್ತಿತ್ತು. ಮಳೆಯ ರಾತ್ರಿಗಳಲ್ಲಿ ಮಾತ್ರ ಹಾಸಿಗೆ ಎಡಕ್ಕೆ ವಾಲಿದಂತಾಗಿ ಎದ್ದು ಕೂರುತ್ತಿದ್ದೆ, ಕೈ ತಾನಾಗಿಯೇ ಮೇಲೆ ಹಿಡಿ ಹುಡುಕುತ್ತಿತ್ತು. ಕೆಲವು ವರ್ಷಗಳ ನಂತರ ಕಾಕುವಿನ ಗಂಡ ನಿವೃತ್ತರಾದರು, ಗಾಡಿ ಮಾರಿ ಅವರಿಬ್ಬರೂ ಧಾರವಾಡಕ್ಕೆ ಹೋದರು. ನಾನು ಅಹಮದಾಬಾದಿಗೆ ಬಂದೆ. ಫೋನಿನಲ್ಲಿ ಕಾಕು ಕೊನೆಯವರೆಗೂ ಕೇಳುತ್ತಿದ್ದರು, "ನಿದ್ದಿ ಬರ್ತದೇನವಾ ಈಗ?" ಬರ್ತದೆ ಎನ್ನುತ್ತಿದ್ದೆ. ಅವರು ಅದನ್ನು ನಂಬುತ್ತಿರಲಿಲ್ಲ...

ಕಿಟಕಿಯವನು ಹೋದ ಮೇಲೆ ಆ ವಾಸನೆಯ ಜೊತೆ ಕೂತಿರಲಾಗಲಿಲ್ಲ. ಶನಿವಾರ ರೈಲು ಹತ್ತಿ ಸೂರತ್‌ಗೆ ಹೋದೆ, ಮಿಸ್ತ್ರಿಗೆ ಸುದ್ದಿ ಹೇಳಬೇಕಿತ್ತು. ಹೇಳಿದಾಗ ಅವನು ಕೆಲಸದ ಯಂತ್ರ ನಿಲ್ಲಿಸಿದ. ಆಮೇಲೆ ಅವನು ಅಂಗಳದಲ್ಲಿದ್ದ ಹೊಸ ಪಿಕಪ್ ಒಂದನ್ನು ತೋರಿಸಿದ. ಯಾವುದೋ ಬೇಕರಿಯವರದು. ಮೇಲೆ ಗೇಣುದ್ದದ ಕಟ್ಟೆ, ಮುಚ್ಚಳ.

"ಕಾಕೀವಾಳಿ ಬಾರಿ" ಎಂದ. ಕಾಕಿಯ ಕಿಟಕಿ. ಪೆಟ್ಟಿಗೆ ಕಟ್ಟಿಸಲು ಬಂದವರಿಗೆಲ್ಲ ಇದು ಬೇಕೇ ಎಂದು ಕೇಳುತ್ತಾನಂತೆ, ಬೇಡವೆಂದವರಿಗೆ ವಡೋದರಾದ ಕಥೆ ಹೇಳುತ್ತಾನಂತೆ. ಆಮೇಲೆ ಬೇಡ ಅನ್ನುವವರು ಕಡಿಮೆಯಂತೆ.

ನೀರಿನ ಪರೀಕ್ಷೆ ಇನ್ನೂ ಆಗಿರಲಿಲ್ಲ. ನಾನು ಕೂರುತ್ತೇನೆ ಎಂದೆ. ಅವನು ಒಮ್ಮೆ ನನ್ನ ಮುಖ ನೋಡಿದ, ಬೇಡ ಎನ್ನಲಿಲ್ಲ. ಒಳಗೆ ಹೋಗಿ ಕಾಲು ಮಡಚಿ ಕೂತೆ. ಬಾಗಿಲು ಮುಚ್ಚಿತು. ಹುಳಿ ವಾಸನೆ, ಕತ್ತಲು, ಮೇಲೆ ನೀರಿನ ಆರ್ಭಟ. ಕೈ ಮೇಲೆತ್ತಿದೆ. ಹಿಡಿ ಅಲ್ಲೇ ಇತ್ತು. ತಿರುಗಿಸಲಿಲ್ಲ, ನೀರು ನಿಲ್ಲುವವರೆಗೂ ಸುಮ್ಮನೆ ಹಿಡಿದುಕೊಂಡಿದ್ದೆ. ಆಮೇಲೆ ಎಡಕ್ಕೆ, ಸಾವಕಾಶ, ತಿರುಗಿಸಿದೆ. ಚೌಕ ಬೆಳಕು ಮಡಿಲಿಗೆ ಬಿತ್ತು. ಕೆಳಗೆ ನೆಲ ಒಣಗಿಯೇ ಇತ್ತು.

ಸಂಜೆಯ ರೈಲಿಗೆ ಬೋಡಕ್‌ದೇವ್‌ಗೆ ಮರಳಿ ಮಲಗಿದೆ. ಬೆಳಿಗ್ಗೆ ಹಾಲು ತಂದವನು ಮೆಟ್ಟಿಲ ಮೇಲೆ ಒದ್ದೆ ಚಪ್ಪಲಿ ಬಿಟ್ಟು, ರಾತ್ರಿಯಿಡೀ ಎಂಥ ಮಳೆ ಎಂದ. ನನಗೆ ಗೊತ್ತೇ ಆಗಿರಲಿಲ್ಲ. ನಿದ್ದೆ ಬಂತು ಎಂದು ಹೇಳಿದ್ದರೆ, ಈ ಸಲ ಕಾಕು ನಂಬುತ್ತಿದ್ದರು.