ಎರಡನೇ ಕಂಟ್ರೋಲರ್

ಗೆಳೆಯರೇ, ನಮ್ಮ ಗೇಮಿಂಗ್ ಕಂಪ್ಯೂಟರಿನ ಬಿಡಿಭಾಗಗಳೆಲ್ಲ ಇವತ್ತು ಚನ್ನಪಟ್ಟಣದ ಮನೆಗೆ ಬಂದೇಬಿಟ್ಟವು! ನಾನು, ಗಂಡ ಕಿರಣ್ ಇಬ್ಬರೂ ಒಟ್ಟಿಗೆ ಆಡಬೇಕೆಂದು, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನ ಆಸೆ ಬಿಟ್ಟು ಎರಡನೇ ಕಂಟ್ರೋಲರ್ ಆರಿಸಿದ್ದೆವು.

ಡಬ್ಬ ಬಿಚ್ಚುತ್ತಿದ್ದಾಗಲೇ ಅತ್ತೆ ಬಂದರು. "ನಾಳೆಯಿಂದ ಆಷಾಢ ಕಣವ್ವ. ಹೊಸ ಸೊಸೆ ಅತ್ತೆ ಮನೇಲಿ ಇರಬಾರ್ದು. ನಿಮ್ಮಪ್ಪ ಮೈಸೂರಿಂದ ಹೊರಟವ್ರೆ."

"ಇದನ್ನ ಜೋಡಿಸಿ ಹೋಗ್ತೀನಿ ಅತ್ತೆ, ಪ್ಲೀಸ್."

"ಒಂದು ತಿಂಗ್ಳು ಬುಡವ್ವ, ಆ ಡಬ್ಬ ಎಲ್ಲೂ ಓಡೋಗಾಕಿಲ್ಲ."

ಕಿರಣ್ ನನ್ನ ಕಂಟ್ರೋಲರನ್ನು ಮತ್ತೆ ಅದರ ಕವರಿಗೆ ಹಾಕಿ ಟೇಪ್ ಅಂಟಿಸಿದ. "ನೀನು ಬರೋವರೆಗೂ ಒಂದು ಸ್ಕ್ರೂನೂ ಹಾಕಲ್ಲ" ಎಂದ. ನಾನಂತೂ ಜೋರಾಗಿ ಅತ್ತುಬಿಟ್ಟೆ.

ತವರಿಗೆ ಹೋಗಬೇಕಲ್ಲ ಎಂದು ಅತ್ತ ಮೊದಲ ಮಗಳು ನಾನೇ ಇರಬೇಕು. ಶ್ರಾವಣದ ಮೊದಲ ಶುಕ್ರವಾರ ವಾಪಸ್ ಬರುತ್ತೇನೆ, ಮೈಸೂರಿನ ಬೆಳಗಿನ ಪ್ಯಾಸೆಂಜರ್ ರೈಲಿಗೆ.