ತಪ್ಪದೆ ಬಂದು, ಭಾರಿ ಬಹುಮತದಿಂದ

ಕೊರಟಗೆರೆ ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಮೊನ್ನೆ ಕೆಮ್ಮಿಗೆಂದು ಜ್ಯೇಷ್ಠಮಧು ಕೇಳಿದೆ. ಅಂಗಡಿಯವನು ಡಬ್ಬದ ಮುಚ್ಚಳ ತೆಗೆದ. ಆ ಒಣ ಬೇರಿನ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಮೈಕ್ ಮಾವ ಎದುರಿಗೆ ಬಂದು ನಿಂತ ಹಾಗಾಯಿತು...

ನೆಂಟಸ್ತಿಕೆಯ ಮಾವನಲ್ಲ. ಗೋಡೆಗೆ ಗೋಡೆ ಅಂಟಿದ ಮನೆ, ಮದುವೆಯಾಗಿ ಬಂದಾಗಿನಿಂದ ಹಾಗೇ ಕರೆದು ರೂಢಿ. ಆಟೋದಲ್ಲಿ ಕೂತು ಮೈಕ್ ಹಿಡಿದು ಊರಿಗೆ ಸುದ್ದಿ ಸಾರುವುದು ಅವರ ಕಸುಬು. ನಲ್ಲಿ ನೀರು ಬಾರದ ದಿನವಾಗಲಿ, ಸೀರೆ ಅಂಗಡಿಯ ರಿಯಾಯಿತಿಯಾಗಲಿ, ಸಾವಾಗಲಿ, ಓಟಾಗಲಿ, ಅವರ ಗಂಟಲಿನಿಂದ ಬಂದರೇನೇ ನಮ್ಮೂರಿಗೆ ನಂಬಿಕೆ. ಕೆನ್ನೆಯೊಳಗೆ ಸದಾ ಒಂದು ಜ್ಯೇಷ್ಠಮಧುವಿನ ಕಡ್ಡಿ. "ಗಂಟ್ಲೇ ನಮ್ ಎತ್ತು ಕಣಮ್ಮ, ಅದುಕ್ಕೂ ಮೇವು ಹಾಕ್ಬೇಕು" ಅನ್ನುತ್ತಿದ್ದರು.

ಆ ವರ್ಷ ಪಟ್ಟಣ ಪಂಚಾಯಿತಿ ಚುನಾವಣೆ. ನಮ್ಮ ವಾರ್ಡಿಗೆ ಪಕ್ಷೇತರನಾಗಿ ನಿಂತವನಿಗೆ ಮಂಚದ ಗುರುತು ಸಿಕ್ಕಿತ್ತು. ಅವನು ಮಾವನನ್ನು ಹಿಡಿದುಕೊಂಡ. ಪ್ರಚಾರಕ್ಕೆ ಓಡುವ ಪ್ರತಿ ಆಟೋಗೂ ಅನುಮತಿ ಚೀಟಿ ಬೇಕು, ಅದನ್ನು ಗಾಜಿಗೆ ಅಂಟಿಸಬೇಕು, ಅದರ ಬಾಡಿಗೆ ಅಭ್ಯರ್ಥಿಯ ಖರ್ಚಿಗೆ ಸೇರಬೇಕು. ನಮ್ಮ ಮಂಚದ ಮಹಾರಾಯ ಜಾಣ. ಲೆಕ್ಕದಲ್ಲಿ ಒಂದು ಆಟೋ ತೋರಿಸಿ ಬೀದಿಯಲ್ಲಿ ಎರಡು ಬಿಟ್ಟಿದ್ದ. ಒಂದರ ಚೀಟಿಯನ್ನೇ ಜೆರಾಕ್ಸ್ ಮಾಡಿಸಿ ಇನ್ನೊಂದಕ್ಕೂ ಅಂಟಿಸಿದ್ದ. ಮಾವ ಕೂತದ್ದು ಆ ಇನ್ನೊಂದರಲ್ಲಿ.

ಹಾಸಿಗೆ ಹಿಡಿದಿದ್ದ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ನಾನು ಗಂಜಿ ಕುಡಿಸುವಾಗ ಬೀದಿಯ ಕೊನೆಯಿಂದ ಆ ದನಿ ತೇಲಿ ಬರುತ್ತಿತ್ತು. "ಎಲ್ಲರೂ ತಪ್ಪದೆ ಬಂದು, ಮಂಚದ ಗುರುತಿಗೆ ನಿಮ್ಮ ಅಮೂಲ್ಯವಾದ ಮತ ನೀಡಿ..." ಅತ್ತೆ ಅಷ್ಟು ನೋವಿನಲ್ಲೂ ನಗುತ್ತಿದ್ದರು. "ನೋಡೇ, ನಾನಿಲ್ಲಿ ಮಂಚ ಬುಟ್ಟು ಏಳಕಾಗ್ದೆ ಬಿದ್ದಿದೀನಿ, ಇವ್ರು ಊರ್ಗೆಲ್ಲ ಮಂಚ ಮಾರ್ತಾವ್ರೆ." ಮಕ್ಕಳಿರಲಿಲ್ಲ. ಆ ದನಿಯೇ ಅವರಿಗೆ ಜೊತೆ ಅಂತ ನನಗೆ ಅನಿಸುತ್ತಿತ್ತು.

ಬಹಿರಂಗ ಪ್ರಚಾರ ಮುಗಿದ ಮಾರನೆಯ ಬೆಳಿಗ್ಗೆ ಅತ್ತೆ ಹೋದರು. ಆಗ ಮೈಕು ಬಾಯಿ ಮುಚ್ಚಿರಬೇಕು, ಕೈ ಮುಗಿದುಕೊಂಡು ಮನೆಮನೆಗೆ ಹೋಗಬಹುದು ಅಷ್ಟೆ. ಆದರೆ ಸಾವಿನ ಸುದ್ದಿಗೆ ಯಾರು ಬೇಡ ಅಂದಾರು? ಊರಿನ ಎಲ್ಲರ ಸಾವನ್ನೂ ಸಾರಿದ ಮಾವ, ತಮ್ಮ ಹೆಂಡತಿಯದನ್ನು ಬೇರೆಯವರ ಬಾಯಿಗೆ ಬಿಡಲಿಲ್ಲ. ಪೋಸ್ಟರು ಕಿತ್ತು ಹಾಕಿ ಅದೇ ಆಟೋ ಹತ್ತಿದರು. ಗಾಜಿನ ಮೇಲಿದ್ದ ಚೀಟಿ ಹಾಗೇ ಉಳಿಯಿತು.

ನಾನು ಹೆಣದ ತಲೆಯ ಹತ್ತಿರ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ದನಿ ಕೇಳಿತು. ಒಂದಿಷ್ಟೂ ನಡುಗಲಿಲ್ಲ. ಹೆಸರು, ಬೀದಿ, ಮಧ್ಯಾಹ್ನ ಮಣ್ಣು ಅನ್ನುವುದನ್ನೆಲ್ಲ ಹೇಳಿ, "ಬಂಧುಗಳು ಸ್ನೇಹಿತರು ಎಲ್ಲರೂ ತಪ್ಪದೆ ಬಂದು..." ಅಂದರು. ಅಲ್ಲಿಗೆ ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು. "...ಮಂಚದ ಗುರುತಿಗೆ ನಿಮ್ಮ ಅಮೂಲ್ಯವಾದ ಮತ ನೀಡಿ, ಇವರನ್ನು ಭಾರಿ ಬಹುಮತದಿಂದ ಗೆಲ್ಲಿಸಿಕೊಡಬೇಕೆಂದು ಕಳಕಳಿಯ ಪ್ರಾರ್ಥನೆ."

ಅಳುತ್ತಿದ್ದ ಹೆಂಗಸರಲ್ಲೇ ಒಬ್ಬಳು ಕಿಸಕ್ಕೆಂದಳು. ಬೀದಿಯಲ್ಲಂತೂ ಬಿದ್ದು ಬಿದ್ದು ನಕ್ಕರಂತೆ. ಎದುರು ಪಕ್ಷದ ಹುಡುಗರು ಅದನ್ನು ಮೊಬೈಲಿನಲ್ಲಿ ಹಿಡಿದು ದೂರು ಕೊಟ್ಟರು. ಚುನಾವಣೆಯ ತಂಡ ಬಂತು. ಚೀಟಿಯ ನಂಬರೇ ಒಂದು, ಆಟೋದ ನಂಬರೇ ಒಂದು. ಮಾವನನ್ನೂ ಆಟೋವನ್ನೂ ಠಾಣೆಗೆ ಒಯ್ದರು. "ಏನಯ್ಯಾ, ನಿನ್ ಹೆಂಡ್ತೀನೂ ಕ್ಯಾಂಡಿಡೇಟಾ?" ಅಂತ ಅಲ್ಲೊಬ್ಬ ಕೇಳಿದನಂತೆ. ಮಣ್ಣಿಗೆ ಹೋಗಬೇಕು ಬುಡಿ ಸ್ವಾಮಿ ಅಂತ ಮಾವ ಗೋಗರೆದರೆ, ಈ ಆಟೋ ಯಾರದು ಅಂತ ಅಭ್ಯರ್ಥಿ ಬಂದು ಹೇಳಲಿ, ಆಮೇಲೆ ಬಿಡ್ತೀವಿ ಅಂದರಂತೆ.

ಆ ಅಭ್ಯರ್ಥಿ ಠಾಣೆಗೆ ಹೋಗಲಿಲ್ಲ. ಸಾವಿನ ಮನೆಗೆ ಬಂದ. ಜನ ಸೇರಿದ ಕಡೆ ಓಟು ಇರುತ್ತದಲ್ಲ. ದೊಡ್ಡ ಸುಗಂಧರಾಜದ ಹಾರ ತಂದಿದ್ದ. ಅದನ್ನು ಯಾವ ಖರ್ಚಿಗೆ ಬರೆಸಿದನೋ ದೇವರೇ ಬಲ್ಲ. ಅತ್ತೆಯ ಎದೆಯ ಮೇಲೆ ಹಾಕಿ ಕಣ್ಣು ಒರೆಸಿಕೊಂಡ. ನಾನು ಅವನನ್ನು ಹಿತ್ತಲಿಗೆ ಕರೆದೆ.

"ಒಂದ್ ಫೋನ್ ಮಾಡಪ್ಪ. ನನ್ ಆಟೋ, ಬಾಯಿ ತಪ್ಪಿ ಅಂದವ್ರೆ ಅಂತ ಹೇಳು. ಮಾವ ಕಡೇ ಸಲ ಮುಖನಾದ್ರೂ ನೋಡ್ಲಿ."

"ಅಕ್ಕಾ, ಬೇಜಾರ್ ಮಾಡ್ಕಬ್ಯಾಡ" ಅಂದ, ಬಲು ಮೆತ್ತಗೆ. "ನಾನ್ ಫೋನ್ ಮಾಡುದ್ರೆ ಆ ಆಟೋ ನನ್ ಲೆಕ್ಕುಕ್ಕೆ ಬೀಳ್ತದೆ. ಆಯಪ್ಪ ಯಾರೋ ಗೊತ್ತಿಲ್ಲ ಅಂತ ಸ್ಟೇಷನ್ನೋರ್ಗೆ ಫೋನಲ್ಲಿ ಆಗ್ಲೇ ಹೇಳ್ಬುಟ್ಟಿದೀನಿ. ಗೆದ್ಮೇಲೆ ನೋಡ್ಕಳಣ ಬುಡು."

ಹೋಗುವಾಗ ಜಗಲಿಯ ಮೇಲಿದ್ದವರಿಗೆಲ್ಲ ಒಬ್ಬೊಬ್ಬರಿಗೂ ಕೈ ಮುಗಿದ. ಕೈ ಮುಗಿಯುವುದಕ್ಕೆ ನಿಯಮದಲ್ಲಿ ಅಡ್ಡಿಯಿರಲಿಲ್ಲ. ನನಗೆ ಆ ಕೈಗಳನ್ನು ಕಚ್ಚಬೇಕು ಅನಿಸಿತ್ತು, ಸುಳ್ಳೇಕೆ ಹೇಳಲಿ.

ಉರಿ ಬಿಸಿಲು. ಚನ್ನರಾಯನದುರ್ಗದಿಂದ ಬಂದಿದ್ದ ಅತ್ತೆಯ ಅಣ್ಣ ಕಾದು ಕಾದು ಕೊನೆಗೆ, ಇನ್ನು ಇಡಕಾಗಲ್ಲ ಅಂದ. ಎತ್ತಿದರು. ಜನ ಮಾತ್ರ ಜಾತ್ರೆಯಂತೆ ಸೇರಿದ್ದರು.

ಸಂಜೆ ಠಾಣೆಯವರು ಆಟೋ ಇಟ್ಟುಕೊಂಡು ಮಾವನನ್ನು ಬಿಟ್ಟರಂತೆ, ನಡೆದುಕೊಂಡು ಬಂದರು. ಒಳಗೆ ಖಾಲಿ ಮಂಚ ನೋಡಿದರು. ಅಳಲಿಲ್ಲ.

"ಜನ ಬಂದಿದ್ರೇನಮ್ಮ?"

"ಊರೇ ಬಂದಿತ್ತು ಮಾವ."

"ನನ್ ಕೂಗು ಎಲ್ರುಗೂ ಕೇಳುಸ್ತು ಅನ್ನು" ಅಂದು ಕೆನ್ನೆಯೊಳಗಿನ ಕಡ್ಡಿಯನ್ನು ಅಂಗಳಕ್ಕೆ ಉಗಿದರು.

ಮಂಚದವನು ಗೆದ್ದ. ಅವನ ಖರ್ಚಿನ ಲೆಕ್ಕ ಚೊಕ್ಕವಾಗಿತ್ತಂತೆ, ಒಂದೇ ಆಟೋ. ಮಾವನಿಗೆ ಊರು ಬಹುಮತ ಅಂತ ಹೆಸರಿಟ್ಟಿತು. ಟೀ ಅಂಗಡಿಗೆ ಹೋದರೆ ಸಾಕು, "ಬಹುಮತಣ್ಣೋ, ಅಕ್ಕ ಎಷ್ಟು ಓಟಲ್ಲಿ ಗೆದ್ಲು?" ಮೊದಮೊದಲು ಪಡ್ಡೆ ಹುಡುಗರು ಕೇಳುತ್ತಿದ್ದರು, ಆಮೇಲೆ ನರೆತವರೂ ಶುರುಮಾಡಿದರು. ಸಾವು ಸಾರಲು ಯಾರೂ ಅವರನ್ನು ಕರೆಯಲಿಲ್ಲ, ಹೆಣದ ಮುಂದೆ ನಗು ಬರುತ್ತದೆ ಅಂತ. ಮಾವ ಮತ್ತೆ ಮೈಕ್ ಮುಟ್ಟಲಿಲ್ಲ. ಈ ಪೇಟೆಗೆ ಬಂದು ಕಡ್ಡಿ ಕೊಂಡು ಹೋಗುವುದನ್ನು ಮಾತ್ರ ಬಿಡಲಿಲ್ಲ. ಯಾತಕ್ಕೋ...

ಹೋದ ತಿಂಗಳು ಅವರೂ ಹೋದರು. ನನಗೆ ಮೈಕ್ ಹಾಕುಸ್ಬ್ಯಾಡಿ ಅಂತ ಮೊದಲೇ ಹೇಳಿದ್ದರು. ಹಾಕಿಸಲಿಲ್ಲ. ಹೊರುವುದಕ್ಕೆ ಬೇಕಾದಷ್ಟೇ ಜನ ಇದ್ದರು. ಗೋಡೆಯಾಚೆ ಈಗ ಬೆಳಿಗ್ಗೆ ಗಂಟಲು ಸರಿಮಾಡಿಕೊಳ್ಳುವ ಸದ್ದಿಲ್ಲ, ನನಗೆ ಆ ಹೊತ್ತಿಗೆ ಎಚ್ಚರವಾಗುವುದು ತಪ್ಪಿಲ್ಲ.

ಅಂಗಡಿಯವನು ಪೊಟ್ಟಣ ಕಟ್ಟುತ್ತಾ ಕೇಳಿದ. "ಎಲ್ಲಮ್ಮ, ನಿಮ್ ಪಕ್ಕುದ್ಮನೆ ಬಹುಮತ? ಕಡ್ಡಿಗೆ ಬರ್ನೇ ಇಲ್ಲ."

"ಹೋಗ್ಬುಟ್ರು" ಅಂದೆ.

"ಎಷ್ಟು ಓಟಲ್ಲಿ?" ಅಂದುಬಿಟ್ಟ.

ಅಂದವನೇ ನಾಲಿಗೆ ಕಚ್ಚಿಕೊಂಡ. ಪಕ್ಕದಲ್ಲಿ ಬೆಲ್ಲ ಕೊಳ್ಳುತ್ತಿದ್ದವರು ಅಷ್ಟರಲ್ಲಿ ನಕ್ಕಾಗಿತ್ತು. ತಪ್ಪಾಯ್ತು ಕಣಮ್ಮ, ಬಾಯಿಗೆ ರೂಢಿ ಆಗೋಗದೆ ಅಂದ. ಇರಲಿ ಬುಡು ಅಂದು ಪೊಟ್ಟಣ ಈಸಿಕೊಂಡೆ. ಅಷ್ಟೇ ಒಂದು ಮಾತು, ಇರಲಿ ಬುಡು ಅಂತ, ಅವತ್ತು ಮಾವನಿಗೆ ಯಾರೂ ಹೇಳಲಿಲ್ಲ.