ಮೂರು ಅರ್ಥ ಹೊಡೆದುಹಾಕಿದ ಕೆಂಪು ಪೆನ್ನು

ತಪ್ಪು ನನ್ನದು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಬಾಯಲ್ಲಿ ಹೇಳಿದಾಗ ಶಾಲೆಯವರು ನಂಬಲಿಲ್ಲ.

ನಾನು ಹೊನ್ನಾಳಿಯಲ್ಲಿ ಹೈಸ್ಕೂಲು ಓದುವಾಗ ಇಂಗ್ಲಿಷ್ ಕಲಿಯಲು ಇದ್ದದ್ದು ಒಂದೇ ದಾರಿ. ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆಯಬೇಕು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ. ದಿನಕ್ಕೆ ಹತ್ತು. ಒಂದು ಪದಕ್ಕೆ ಒಂದೇ ಅರ್ಥ. ಸಾಲಿನಲ್ಲಿ ಇನ್ನೊಂದಕ್ಕೆ ಜಾಗವಿರಲಿಲ್ಲ. ಆ್ಯಂಕರ್ ಎಂದರೆ ಲಂಗರು. ಲಂಗರು ಹೇಗಿರುತ್ತದೆಂದು ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾವು ನೋಡಿದ್ದು ತುಂಗಭದ್ರೆಯ ತೆಪ್ಪ. ಅದನ್ನು ಹಗ್ಗದಿಂದ ಮರದ ಬೇರಿಗೆ ಕಟ್ಟುತ್ತಿದ್ದರು.

ಆ ನೋಟ್‌ಬುಕ್ಕಿನ ಬಲದಿಂದಲೇ ನಾನು ಸವಳಂಗದಲ್ಲಿ 'ಇಂಗ್ಲಿಷ್ ಅಜ್ಜ' ಆದೆ. ಬ್ಯಾಂಕಿನ ಫಾರಂ, ಆಸ್ಪತ್ರೆಯ ಚೀಟಿ ಎಲ್ಲ ನನ್ನ ಜಗಲಿಗೆ ಬರುತ್ತವೆ. ಶಾಲೆಯವರು ಸರ್ಟಿಫಿಕೇಟುಗಳಿಗೆ ಹೆಸರು ಬರೆಸುವುದೂ ನನ್ನ ಕೈಯಲ್ಲೇ.

ಹೋದ ತಿಂಗಳು ಎಂಟನೇ ತರಗತಿಯ ನನ್ನ ಮೊಮ್ಮಗಳಿಗೆ ನ್ಯಾಮತಿಯಲ್ಲಿ ಇಂಗ್ಲಿಷ್ ಭಾಷಣ ಸ್ಪರ್ಧೆ ಇತ್ತು. ಒಂದು ಪದ ಆರಿಸಿಕೊಂಡು ಮೂರು ನಿಮಿಷ ಮಾತನಾಡಬೇಕು. ಅವಳು ಆ್ಯಂಕರ್ ಆರಿಸಿಕೊಂಡಳು. ಜಗಳೂರಿನ ಅವಳ ಸೋದರಮಾವ ಗಾಳಿಯಂತ್ರಗಳ ಬುನಾದಿ ಕೆಲಸದಲ್ಲಿದ್ದಾನೆ. ಕಾಂಕ್ರೀಟಿನಲ್ಲಿ ಹೂಳುವ ಆಳೆತ್ತರದ ಬೋಲ್ಟಿಗೂ ಆ್ಯಂಕರ್ ಅನ್ನುತ್ತಾರೆಂದು ಫೋನಿನಲ್ಲಿ ಹೇಳಿದ. ಚನ್ನಗಿರಿಯಲ್ಲಿ ಆಟದ ಟೀಚರಾಗಿರುವ ನನ್ನ ಮಗಳು, ರಿಲೇ ಓಟದಲ್ಲಿ ಕೊನೆಗೆ ಓಡುವವಳೂ ಆ್ಯಂಕರ್ ಎಂದಳು. ಟಿವಿಯಲ್ಲಿ ಕಾರ್ಯಕ್ರಮ ನಡೆಸುವವರೂ ಆ್ಯಂಕರ್ ಎಂದು ಅವಳಿಗೇ ಗೊತ್ತಿತ್ತು. ಹುಡುಗಿ ಇದನ್ನೆಲ್ಲ ಲಂಗರಿನ ಕೆಳಗೆ, ಗೆರೆ ದಾಟಿಸಿ ಸಣ್ಣಕ್ಷರದಲ್ಲಿ ಒತ್ತಿ ಬರೆದು ಜಗಲಿಗೆ ಓಡಿ ಬಂದಳು.

"ಅಜ್ಜ, ಒಂದ್ ಪದಕ್ಕೆ ಎಷ್ಟು ಅರ್ಥ ಐತೆ ನೋಡು! ಎಲ್ಲದರಾಗೂ ಏನೋ ಒಂದನ್ನ ಗಟ್ಟಿಯಾಗಿ ಹಿಡ್ಕೊಳ್ಳಾದೇ ಐತೆ."

ಫಾರಂ ಬರೆಸಲು ಬಂದಿದ್ದ ನೆರೆಮನೆಯವನು ನಕ್ಕ. "ಏನ್ರಿ ಯಜಮಾನ್ರೆ, ಇದೆಲ್ಲ ನಿಮಗೆ ಗೊತ್ತಿತ್ತೋ, ಈಗ ಕಲೀತಿದೀರೋ?"

ಗೊತ್ತಿರಲಿಲ್ಲ. ಆದದ್ದು ಅಷ್ಟೇ. ಕೆಂಪು ಪೆನ್ನು ಎತ್ತಿಕೊಂಡೆ. "ಇವೆಲ್ಲ ಗಾರೆ ಕೆಲಸದೋರು, ಟಿವಿಯೋರು ಕೆಡಿಸಿದ ಮಾತು. ಲಂಗರು ಅಂದ್ರೆ ಲಂಗರು. ಮಂಗಳೂರಾಗೆ ಕಣ್ಣಾರೆ ನೋಡಿದೀನಿ ನಾನು" ಎಂದು ಮೂರು ಸಾಲನ್ನೂ ಹಾಳೆ ಹರಿಯುವಂತೆ ಹೊಡೆದುಹಾಕಿದೆ. ಮಂಗಳೂರಿಗೆ ನಾನು ಹೋಗಿಯೇ ಇಲ್ಲ. ಸಮುದ್ರ ನೋಡಿದವನೂ ಅಲ್ಲ.

ಸ್ಪರ್ಧೆಯಲ್ಲಿ ಅವಳು ಹಡಗು ಮತ್ತು ಲಂಗರಿನ ಬಗ್ಗೆ ನಾಲ್ಕು ವಾಕ್ಯ ಹೇಳಿ, ಮುಂದೆ ಏನೂ ಇಲ್ಲದೆ ನಿಂತುಬಿಟ್ಟಳು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನು ನೆಲ ನೋಡಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಬೇರೆ ಸೀಟು ಹಿಡಿದಳು. ಓದಿಕೊಂಡೇ ಬಂದಿಲ್ಲ ಎಂದು ಅವಳ ಶಾಲೆಯ ಇಂಗ್ಲಿಷ್ ಟೀಚರ್ ತೀರ್ಮಾನಿಸಿದರು. ಬೆಳಗಿನ ಪ್ರಾರ್ಥನೆಯಲ್ಲಿ ಅವಳು ಓದುತ್ತಿದ್ದ ಇಂಗ್ಲಿಷ್ ವಾರ್ತೆ ಇನ್ನೊಬ್ಬಳ ಪಾಲಾಯಿತು. ಅದಕ್ಕಾಗಿ ದಿನಾ ಬೇಗ ಎದ್ದು ಕನ್ನಡಿ ಮುಂದೆ ಓದಿಕೊಳ್ಳುತ್ತಿದ್ದ ಹುಡುಗಿ ಈಗ ಗಂಟೆ ಹೊಡೆಯುವ ಹೊತ್ತಿಗೆ ಹೋಗುತ್ತಾಳೆ. ನೋಟ್‌ಬುಕ್ ಜಗಲಿಗೆ ಬರುವುದು ನಿಂತಿತು.

ಮೂರು ಸಲ ಶಾಲೆಯ ಗೇಟಿನ ತನಕ ಹೋಗಿ ವಾಪಸ್ ಬಂದೆ. ನಾಲ್ಕನೇ ಸಲ ಟೀಚರ್ ಎದುರು ನಿಂತು, "ಅವಳು ಬರೆದಿದ್ದ ಅರ್ಥಗಳನ್ನ ಹೊಡೆದುಹಾಕಿದ್ದು ನಾನೇ ಮೇಡಂ. ನನಗೇ ಗೊತ್ತಿರಲಿಲ್ಲ" ಎಂದೆ.

"ಬಿಡ್ರಿ ಅಜ್ಜಾರೆ, ಮೊಮ್ಮಗಳ ತಪ್ಪು ನಿಮ್ ಮೈಮೇಲೆ ಹಾಕ್ಕೊಬ್ಯಾಡ್ರಿ. ನಿಮಗೆ ಗೊತ್ತಿಲ್ಲದ ಇಂಗ್ಲಿಷಾ?" ಎಂದು ನಕ್ಕು, ಸರ್ಟಿಫಿಕೇಟಿನ ಕಟ್ಟು ಮುಂದಿಟ್ಟರು. "ಹೆಂಗೂ ಬಂದಿದೀರಿ, ಇವಕ್ಕೆ ಹೆಸರು ಬರೆದುಕೊಡ್ರಿ."

ತಲೆ ಚಚ್ಚಿಕೊಳ್ಳುವಂತಾಯಿತು. ಇಷ್ಟು ವರ್ಷ ಗೊತ್ತಿದ್ದವನ ಹಾಗೆ ನಟಿಸಿದ್ದು ಎಷ್ಟು ಚೆನ್ನಾಗಿ ಕೂತಿದೆಯೆಂದರೆ, ನಿಜ ಹೇಳಿದರೂ ದೊಡ್ಡತನ ಅನ್ನುತ್ತಾರೆ. ಅದಕ್ಕಿಂತ ನಾಚಿಕೆಯ ಸಂಗತಿ, ನಾನು ಕೂತು ಅಷ್ಟಕ್ಕೂ ಹೆಸರು ಬರೆದುಕೊಟ್ಟೆ.

ಇನ್ನು ಉಳಿದ ಸಾಕ್ಷಿ ಆ ಹಾಳೆ ಒಂದೇ. ಸಂಜೆ ಮೊಮ್ಮಗಳ ಹತ್ತಿರ ನೋಟ್‌ಬುಕ್ ಕೇಳಿದೆ.

"ಯಾಕೆ, ಲಂಗರೊಂದು ಉಳಿದೈತೆ, ಅದನ್ನೂ ಹೊಡೆದು ಹಾಕಾಕಾ?"

"ಟೀಚರಿಗೆ ತೋರಿಸಾಕೆ. ನಾನು ಲಂಗರು ನೋಡೇ ಇಲ್ಲ ತಾಯಿ."

"ಮಂಗಳೂರು?"

"ಅದೂ ಸುಳ್ಳು."

ಒಳಗೆ ಸೊಸೆ ತಿರುಗಿಸುತ್ತಿದ್ದ ಮಿಕ್ಸಿ ನಿಂತಿತು. ಹುಡುಗಿ ಚೀಲದಿಂದ ನೋಟ್‌ಬುಕ್ ತೆಗೆದಳು.

"ಮಿಸ್ ಮುಂದೆ ಇದನ್ನೂ ಹೇಳ್ತೀಯಾ?"

"ಹೇಳ್ತೀನಿ."

"ಹಂಗಾರೆ ನಾಳೆ ಬರ್ತೀನಿ. ನೋಟ್‌ಬುಕ್ ಮಾತ್ರ ನಾನೇ ಹಿಡ್ಕೊಳ್ಳಾದು. ನೀನು ಪೆನ್ನು ಮನ್ಯಾಗೆ ಇಟ್ಟು ಬಾ."